ಗಾಡಿಯಲ್ಲೇ ಕೂತಿರಿ ಎಂದರು

ಮುಂದಿನ ತಿಂಗಳು ನಮ್ಮ ಡಿಡ್ಸ್‌ಬರಿ ಊರಿನ ಕನ್ನಡಿಗರ ಗುಂಪು ಮೊರಾಕ್ಕೊ ಮರುಭೂಮಿಗೆ ಹೊರಟಿದೆ. ಅದರ ತಾಲೀಮಿಗೆಂದು ಇವತ್ತು ಊರಾಚೆಯ ಹಳೆಯ ಮರಳು ಗಣಿಗೆ ಎರಡು ಜೀಪುಗಳಲ್ಲಿ ಬಂದಿದ್ದೇವೆ. ಮರುಭೂಮಿಯಲ್ಲಿ ನಡೆಯುವವರ ಪಟ್ಟಿ ನನ್ನ ಡಾಕ್ಟರ್ ಅಳಿಯನ ಕೈಯಲ್ಲಿದೆ. ಇಲ್ಲಿನ ಮರಳು ದಿಬ್ಬವನ್ನು ನಡೆದು ಹತ್ತಿದವರಿಗೆ ಮಾತ್ರ ಅದರಲ್ಲಿ ಜಾಗ.

"ಮಾವ, ಎಪ್ಪತ್ತಾರು ವರ್ಷಕ್ಕೆ ರಿಸ್ಕ್ ಬೇಡ. ಗಾಡಿಯಲ್ಲೇ ಕೂತಿರಿ."

ನಲವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿದವನು ನಾನು. ಶೂ ದಾರ ಬಿಗಿದೆ.

ಮರಳಿನಲ್ಲಿ ಓಡಿಸುವ ಮುನ್ನ ಟೈರಿನ ಗಾಳಿ ಇಳಿಸುತ್ತಾರೆ. ಮೆತ್ತಗಾದ ಟೈರು ಹೂತುಹೋಗುವುದಿಲ್ಲವಂತೆ. ನನಗಿದು ಹೊಸ ಪಾಠ. ಆದರೆ ಮಗಳು ನಮ್ಮ ಜೀಪಿನ ಹಿಂದುಗಡೆ ಪುಳಿಯೋಗರೆ, ಮೊಸರನ್ನದ ದೊಡ್ಡ ಪಾತ್ರೆಗಳನ್ನೂ ಎರಡು ಕುಕ್ಕರನ್ನೂ ಏರಿಸಿದ್ದಳು. ದಿಬ್ಬದ ಬುಡದಲ್ಲೇ ಚಕ್ರ ಹೂತೇಹೋಯಿತು.

"ಎಲ್ಲರೂ ಇಳೀರಿ, ಭಾರ ಕಮ್ಮಿ ಆಗ್ಲಿ!" ಎಂದು ಅಳಿಯ ಕೂಗಿದರು.

ಎಲ್ಲರೂ ಎಂದರೆ ನಾನೂ ಸೇರಿದಂತೆಯೇ. ಇಳಿದವನು ನಿಲ್ಲಲಿಲ್ಲ. ಎಡ, ಬಲ ಎಂದು ಎಣಿಸುತ್ತ ನೇರ ಮೇಲಕ್ಕೆ ನಡೆದೆ.

"ಮಾವ, ಎಲ್ಲಿಗೆ? ಕೂತಿರಿ ಅಂದಿದ್ನಲ್ಲ!"

ದಿಬ್ಬದ ತುದಿಯಲ್ಲಿ ಕರವಸ್ತ್ರ ಹಾಸಿ ಕೂತೆ.

"ಕೂತಿದ್ದೀನಲ್ಲ, ಡಾಕ್ಟ್ರೇ! ಮೊದ್ಲು ಪಟ್ಟೀಲಿ ನನ್ನ ಹೆಸರು ಬರ್ಕೊಳ್ಳಿ, ಆಮೇಲೆ ಗಾಡಿ ತಳ್ಳಿ."