ತೆಳು ಕಾಗದ ಅಂಟಿಸಿದ ಪುಟ

ನಮ್ಮ ಶಾಲೆಯಿಂದ ಮೊದಲ ಸಲ ಹತ್ತನೇ ತರಗತಿ ಪರೀಕ್ಷೆಗೆ ಕೂತವರು ಇಪ್ಪತ್ತೆರಡು ಮಂದಿ. ಪಾಸಾದವರು ಒಂಬತ್ತು. ಅವರಲ್ಲಿ ಹುಡುಗಿ ಒಬ್ಬಳೇ. ಶಾಲೆಯ ಐವತ್ತನೇ ವರ್ಷದ ಸಂಚಿಕೆಗೆ ಆಕೆಯ ಬಗ್ಗೆ ಬರೆಯುವ ಕೆಲಸವನ್ನು ಮುಖ್ಯೋಪಾಧ್ಯಾಯರು ಅಲ್ಲೇ ಮೇಷ್ಟ್ರಾಗಿದ್ದ ನನಗೆ ವಹಿಸಿದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಇದು ನಿನಗೇ ಸರಿ ಅಂದರು.

ಹಳೆಯ ಫಲಿತಾಂಶದ ರಿಜಿಸ್ಟರ್ ಬೀರುವಿನ ಕೆಳಗಿನ ಖಾನೆಯಲ್ಲಿ ಸಿಕ್ಕಿತು. ಗಟ್ಟಿ ರಟ್ಟು, ಬಿಗಿ ಹೊಲಿಗೆ. ಅಂಚು ಹರಿದ ಪುಟಗಳು ಹಲವಿದ್ದರೂ ತೆಳು ಕಾಗದ ಅಂಟಿಸಿ ಸರಿಮಾಡಿದ್ದು ಒಂದನ್ನೇ. ಅದರಲ್ಲೇ ಆಕೆಯ ನಂಬರು ಹದಿನಾಲ್ಕು, ಮುಂದೆ ತೇರ್ಗಡೆ. ಅಂಕಪಟ್ಟಿ ಪಡೆದವರು ರುಜು ಹಾಕುವ ಜಾಗ ಖಾಲಿ. ಅಂಕಪಟ್ಟಿ ಬೀರುವಿನಲ್ಲೇ ಇತ್ತು. ಹದಿಮೂರು ಆಕೆಯ ಅಣ್ಣನ ನಂಬರು. ಅನುತ್ತೀರ್ಣ.

ವಿಚಾರಿಸಿದರೆ ಆಕೆ ಬೇರೆ ಯಾರೂ ಅಲ್ಲ, ಬಸ್ ನಿಲ್ದಾಣದ ಹಿಂದಿನ ರಸ್ತೆಯ ರಟ್ಟಮ್ಮ. ಊರಿನ ಕಚೇರಿ, ಶಾಲೆಗಳ ಪುಸ್ತಕಗಳಿಗೆಲ್ಲ ರಟ್ಟು ಕಟ್ಟುವವರು. ನಮಗೂ ಅವರೇ. ಹತ್ತನೇ ಫೇಲು ಎಂದು ತಾವೇ ಹೇಳಿಕೊಳ್ಳುತ್ತಿದ್ದರು.

ನಾನು ಹೋದಾಗ ಅವರು ಪುಸ್ತಕ ಕೊಟ್ಟು ಬರಲು ಹೋಗಿದ್ದರು. ಅಣ್ಣ ಇದ್ದರು. ನಿವೃತ್ತ ಕಂಡಕ್ಟರ್, ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಇದ್ದವರು. ಬಾಗಿಲಲ್ಲಿ ನಿಂತ ನನಗೆ, "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ" ಅಂದರು. ರಿಜಿಸ್ಟರಿನ ವಿಷಯ ಎತ್ತಿದ ಮೇಲೆ ಬಾಗಿಲು ಮುಂದೆ ಮಾಡಿ ಬಂದು, ನಡೆದದ್ದನ್ನು ಹೇಳಿದರು.

ಫಲಿತಾಂಶ ನೋಡಿ ಬಂದದ್ದು ಅವರೇ. ಪಾಸಾದವರ ನಂಬರುಗಳನ್ನಷ್ಟೇ ಸೀಮೆಸುಣ್ಣದಲ್ಲಿ ಗೇಟಿನ ಹಲಗೆಯ ಮೇಲೆ ಬರೆದಿದ್ದರಂತೆ. ಹದಿನಾಲ್ಕು ಇತ್ತು, ಹದಿಮೂರು ಇರಲಿಲ್ಲ. ತಂಗಿ ಪಾಸು, ಅಣ್ಣ ಫೇಲು ಅಂದರೆ ಅಪ್ಪ ಚರ್ಮ ಸುಲಿಯುತ್ತಿದ್ದರು. ಅದಕ್ಕೇ ಇವರು ಇಬ್ಬರ ನಂಬರೂ ಇಲ್ಲ ಅಂದುಬಿಟ್ಟರು, ಎರಡು ದಿನ ಬಿಟ್ಟು ನಿಜ ಹೇಳಿದರಾಯಿತು ಎಂದುಕೊಂಡು. ಮಾರನೇ ದಿನವೇ ಅಪ್ಪ ತಂಗಿಯನ್ನು ಸೋದರತ್ತೆಯ ಊರಿನ ಬೈಂಡಿಂಗ್ ಅಂಗಡಿಗೆ ಕಳಿಸಿದರು. ಆಮೇಲೆ ನಿಜ ಹೇಳಲು ಇವರಿಗೆ ಬಾಯಿ ಬರಲಿಲ್ಲ. ಅಣ್ಣ ಮರುವರ್ಷ ಮತ್ತೆ ಕೂತು ಪಾಸಾಗಿ ಕೆಲಸಕ್ಕೆ ಸೇರಿದರು.

"ಮೇಷ್ಟ್ರೇ, ನಾನಿನ್ನು ಎಷ್ಟು ದಿನ ಇರ್ತೀನಿ? ಅಲ್ಲೀವರೆಗೆ ಅವಳಿಗೆ ಹೇಳಬೇಡಿ."

ಆಗಲಿ ಅಂದೆ. ಸಂಚಿಕೆಗೆ ಬೇರೊಬ್ಬರ ಬಗ್ಗೆ ಬರೆದುಕೊಟ್ಟೆ.

ಹೋದ ವರ್ಷ ಆ ಅಣ್ಣ ತೀರಿಕೊಂಡರು. ಒಂದು ತಿಂಗಳು ಬಿಟ್ಟು ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ರಟ್ಟಮ್ಮನ ಮನೆಗೆ ಹೋದೆ. ಅಂಟು ಕಲಸುತ್ತಿದ್ದರು. ಗೋಡೆಯ ಮೊಳೆಯಲ್ಲಿ ಕಂಡಕ್ಟರ್ ಸೀಟಿ ನೇತಾಡುತ್ತಿತ್ತು. ರಿಜಿಸ್ಟರ್ ಕೊಟ್ಟರೆ ಪುಟ ತೆರೆಯಲಿಲ್ಲ. ಬೆನ್ನು ಸವರಿ ಹೊಲಿಗೆ ಎಳೆದು ನೋಡಿದರು. ನಾನೇ ಕಟ್ಟಿದ್ದು, ಹನ್ನೆರಡು ವರ್ಷ ಆಯ್ತು ಅಂದರು. ನಿಮಗೆ ಇದರಲ್ಲೊಂದು ಪುಟ ತೋರಿಸಬೇಕು ಅಂದೆ.

"ಹೊಲಿಯೋ ಮೊದಲು ಒಂದೊಂದೇ ಪುಟ ನೋಡಬೇಕು ಮೇಷ್ಟ್ರೇ. ಹಿಂದುಮುಂದಾದರೆ ನಿಮ್ಮವರೇ ಬೈತಾರೆ."

"ಹಾಗಾದರೆ ಅದನ್ನೂ ನೋಡಿದ್ರಾ?"

"ನೋಡಿದೆ. ಹರಿದಿತ್ತು. ಕಾಗದ ಅಂಟಿಸಿದೆ."

ಅಣ್ಣನನ್ನು ಏನೂ ಕೇಳಲಿಲ್ಲವೇ ಅಂದೆ. ಅವತ್ತು ಇದನ್ನು ಶಾಲೆಗೆ ಕೊಟ್ಟು ಮನೆಗೆ ಬಂದರೆ ಅವನು ಊಟಕ್ಕೆ ಕಾಯ್ತಾ ಕೂತಿದ್ದ, ಸೀಟಿ ಹೊಡೆಯೋದೊಂದು ಬಾಕಿ, ಬಡಿಸಿದೆ ಅಂದರು. ಆಮೇಲೂ ಅವನೆದುರು ಫೇಲು ಎಂದೇ ಹೇಳಿಕೊಂಡು ಬಂದರು.

ನಿಮ್ಮ ಬಗ್ಗೆ ಬರೆಯಲೇ ಎಂದು ಕೇಳಿದೆ.

"ಈಗ ಬರೀರಿ. ಅವನಿಗೆ ನಾಚಿಕೆ ಆಗೋದು ಮುಗೀತಲ್ಲ."

ಸೆರಗಿಗೆ ಕೈ ಒರೆಸಿಕೊಂಡು ನನ್ನ ಪೆನ್ನು ಕೇಳಿದರು. ಪುಟ ಹುಡುಕಲಿಲ್ಲ, ಸೀದಾ ಅಲ್ಲಿಗೇ ತೆರೆದರು. ಖಾಲಿ ಜಾಗದಲ್ಲಿ ರುಜು ಹಾಕಿದರು. ಅಂಕಪಟ್ಟಿಯನ್ನು ನಾಳೆ ತಂದುಕೊಡುತ್ತೇನೆ ಅಂದೆ.

ಬೇಡ, ನಿಮ್ಮ ಬೀರುವಿನಲ್ಲೇ ಇರಲಿ, ಇಲ್ಲಿ ಅಂಟು ತಾಗುತ್ತೆ ಅಂದು ಕಲಸುವ ಕಡ್ಡಿ ಕೈಗೆತ್ತಿಕೊಂಡರು.