ಹಲಗೂರಿನಲ್ಲಿ ವಾರಿಜಳ ಹೆರಿಗೆ

ನಮ್ಮವ್ವ ಮಾಯಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಬರುವವರ ಮೇಲೆ ಅಂಥ ಗೌರವವೂ ಇರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದೆ ಅಂತ ಕುಣಿದುಕೊಂಡು ಬಂದಾಗ "ಆಯ್ತಲ್ಲ, ಇನ್ ಓಗಿ ಎಮ್ಮೆಗೆ ಮೇವಾಕು" ಅಂದವಳು. ಅಂಥವಳ ಕೈಗೆ ನಾನು ಎಪ್ಪತ್ನಾಲ್ಕರಲ್ಲಿ ಚೊಚ್ಚಲ ಬಾಣಂತಿಯಾಗಿ ಸಿಕ್ಕಿಬಿದ್ದೆ.

ಹಲಗೂರಿನ ನಮ್ಮ ಮನೆಯ ನಡುಕೋಣೆಗೆ ಕಿಟಕಿ ಇಲ್ಲ. ತಲೆಗೆ ಬಟ್ಟೆ ಬಿಗಿದು, ಎರಡೂ ಕಿವಿಗೆ ಹತ್ತಿ ತುರುಕಿ ಅಲ್ಲಿ ಮಲಗಿಸಿದರು. ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ದಿನಾ ಬೆಳಿಗ್ಗೆ ನೀರು ಹಾಕಲು ಬರುತ್ತಿದ್ದ ಬೆಳ್ಳಮ್ಮನ ಕುದಿನೀರು, ಎಲ್ಲವನ್ನೂ ಸಹಿಸಿಕೊಂಡೆ. ಸಹಿಸಲಾರದ್ದು ಒಂದಿತ್ತು. ಎಳೆ ಬಾಣಂತಿ ಪುಸ್ತಕ ಮುಟ್ಟಬಾರದಂತೆ.

"ಅಕ್ಸರ ನೋಡುದ್ರೆ ಕಣ್ಣು ಇಂಗೋಯ್ತವೆ ಕಣಮ್ಮಿ. ಆಮೇಕೆ ನಿನ್ ಮಗೀನ ಮಕನೂ ಕಾಣಕಿಲ್ಲ" ಎಂದಳು ಅವ್ವ.

ನನ್ನ ಸಂಕಟ ಅವಳಿಗೆ ಹೇಗೆ ತಿಳಿಯಬೇಕು? ಹೊಳಲಿನಲ್ಲಿ ಮೇಷ್ಟರಾಗಿದ್ದ ನನ್ನ ಗಂಡ ಶಾಲೆಗೆ ಒಂದು ವಾರಪತ್ರಿಕೆ ತರಿಸುತ್ತಿದ್ದರು. ಅದರ ಧಾರಾವಾಹಿಯನ್ನು ನಡುವೆಯೇ ಬಿಟ್ಟು ನಾನು ಹೆರಿಗೆಗೆ ಬಂದಿದ್ದೆ. ಕಥೆಯ ನಾಯಕಿ ವಾರಿಜಳೂ ಬಸುರಿ. ಗಂಡ ದೂರದಲ್ಲಿ, ಅತ್ತೆ ಘಟವಾಣಿ, ಹೊಟ್ಟೆಯಲ್ಲಿ ಎಂಟು ತಿಂಗಳು. ನನಗೆ ಹೆಣ್ಣು ಹುಟ್ಟಿ ವಾರವಾದರೂ ಅವಳ ಗತಿ ಏನಾಯಿತೋ ಗೊತ್ತಿಲ್ಲ. ನನ್ನ ಮಗುವಿಗೆ ಹಾಲು ಕುಡಿಸುವಾಗಲೂ ಅವಳದೇ ಯೋಚನೆ.

ಮೊದಮೊದಲು ಶೆಟ್ಟರ ಅಂಗಡಿಯ ಪೊಟ್ಟಣ ಬಿಡಿಸಿ ಕದ್ದು ಓದಿದೆ. ಖರ್ಜೂರ ಕಟ್ಟಿದ್ದ ಕಾಗದದಲ್ಲಿ ಮದ್ದೂರಿನ ಕಡೆ ಯಾರದೋ ಹೋರಿ ಕಳೆದುಹೋದ ಸುದ್ದಿ ಅರ್ಧ ಇತ್ತು. ಹೋರಿ ಸಿಕ್ಕಿತೋ ಇಲ್ಲವೋ ಇಂದಿಗೂ ನನಗೆ ತಿಳಿಯದು. ಅವ್ವನಿಗೆ ಈ ಕಳ್ಳತನ ಗೊತ್ತಾಗಿ, ಮಾರನೆಯ ದಿನದಿಂದ ಸಾಮಾನೆಲ್ಲ ಮುತ್ತುಗದ ಎಲೆಯಲ್ಲಿ ಕಟ್ಟಿಸಿ ತಂದಳು.

ನನಗೂ ಅವಳದೇ ಹಟ. "ಓದಕ್ಕೆ ಬುಡ್ದಿದ್ರೆ ಬೆಳ್ಳುಳ್ಳಿ ತಿನ್ನಕಿಲ್ಲ" ಎಂದು ಬಾಯಿ ಬಿಗಿದು ಕೂತೆ. ಬಾಣಂತಿ ಬೆಳ್ಳುಳ್ಳಿ ಬಿಟ್ಟರೆ ಮೊಮ್ಮಗಳಿಗೆ ಹಾಲಿಲ್ಲ. ಅವ್ವ ಒಂದು ಹೊತ್ತು ನೋಡಿದಳು, ಎರಡು ಹೊತ್ತು ನೋಡಿದಳು, ಆಮೇಲೆ ರಾಜಿಗೆ ಬಂದಳು.

"ಬ್ಯಾಡ ಅಂದದ್ದು ಕಣ್ಣಿಗೆ ತಾನೆ? ಕಿವಿಗೇನಲ್ವಲ್ಲ. ನಾನೇ ಓದ್ಸ್ಕಂಡು ಬಂದು ಯೋಳ್ತೀನಿ, ತಿನ್ನು."

ಹಿಂದಿನ ಬೀದಿಯಲ್ಲಿ ಸ್ಕೂಲ್ ಮೇಡಂ ಪಂಕಜಮ್ಮನವರಿದ್ದರು. ಅವರ ಮನೆಗೆ ಗುರುವಾರ ಅದೇ ಪತ್ರಿಕೆ ಬರುತ್ತಿತ್ತು. ಅವ್ವ ಸೆರಗಿನಲ್ಲಿ ನುಗ್ಗೆಕಾಯಿ ಕಟ್ಟಿಕೊಂಡು ಹೋಗಿ, ಅವರ ಜಗಲಿಯಲ್ಲಿ ಕೂತು ಕಥೆ ಓದಿಸಿ, ಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದಳು. ಒಪ್ಪಿಸುವುದೇನು, ನಾಟಕವನ್ನೇ ಆಡುತ್ತಿದ್ದಳು. ಪತ್ರಿಕೆಯ ವಾರಿಜ ಕಾಫಿ ಕುಡಿದು ಕಿಟಕಿಯ ಹತ್ತಿರ ನಿಟ್ಟುಸಿರು ಬಿಡುವವಳು. ಅವ್ವನ ವಾರಿಜ ಮುದ್ದೆ ತಿರುವಿಟ್ಟು ಅತ್ತೆಗೆ ಎದುರು ಮಾತಾಡುವವಳು. ನನ್ನ ಕಿವಿಯಲ್ಲಿ ಹತ್ತಿ ಇದ್ದುದರಿಂದ ಇದೆಲ್ಲ ಕೂಗಿ ಹೇಳಬೇಕಿತ್ತು. ಬೀದಿಗೆಲ್ಲ ಕೇಳುತ್ತಿತ್ತು.

ಒಂದು ದಿನ ಎದುರುಮನೆಯ ದೇವಿರಮ್ಮ ನೆಲ್ಲಿಕಾಯಿ ಉಪ್ಪಿನಕಾಯಿ ತಂದಿಟ್ಟರು. "ನಿಮ್ ನಂಟ್ರೆಣ್ಣು ವಾರಿಜಂಗೆ ಕಣಮ್ಮ. ಪಾಪ, ಬಾಯಿ ಕೆಟ್ಟಿರ್ತದೆ. ಆ ಅತ್ತೆ ಮುದ್ಕಿಗೆ ಕೊಡ್ಬ್ಯಾಡಿ." ಬೆಳ್ಳಮ್ಮ ಇನ್ನೂ ಮುಂದೆ ಹೋಗಿ, ವಾರಿಜಳ ಗಂಡನ ಊರು ಯಾವುದು ಹೇಳಿ, ನಾಲ್ಕು ಜನ ಹೋಗಿ ಕೇಳಿ ಬರೋಣ ಎಂದಳು. ಅದು ಪತ್ರಿಕೆಯ ಕಥೆಯೆಂದು ಅವ್ವ ಯಾರಿಗೂ ಬಿಡಿಸಿ ಹೇಳಲಿಲ್ಲ. ಉಪ್ಪಿನಕಾಯಿ ನಾನು ತಿನ್ನಕೂಡದೆಂದು ಅವಳೇ ತಿಂದಳು.

ಮೂರನೆಯ ವಾರ ನನಗೆ ಜ್ವರ ಬಂತು. ಬರೀ ಜ್ವರವಲ್ಲ, ಮೈ ನಡುಗಿ ಹಲ್ಲು ಕಟಕಟ ಎನ್ನುವಂಥದು. ಮಳವಳ್ಳಿಯಿಂದ ಡಾಕ್ಟರು ಬಂದು ಸೂಜಿ ಚುಚ್ಚಿ, ಇನ್ನೆರಡು ದಿನ ಕಳೆಯಲಿ ಎಂದು ಹೋದರು. ನಮ್ಮ ಕಡೆ ಬಾಣಂತಿ ಸನ್ನಿಯ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅವತ್ತು ಬಂದವರೆಲ್ಲ ಅದನ್ನು ಹೇಳದೆಯೇ ಬಾಗಿಲಲ್ಲಿ ನಿಂತು ಹೋದರು.

ಅವತ್ತೇ ಗುರುವಾರ, ಧಾರಾವಾಹಿಯ ಕೊನೆಯ ಕಂತು. ನಾನು ಜ್ವರದಲ್ಲೇ "ವಾರಿಜ, ವಾರಿಜ" ಎಂದು ಕನವರಿಸುತ್ತಿದ್ದೆನಂತೆ. ಅವ್ವ ಬೆಳ್ಳಮ್ಮನನ್ನು ನನ್ನ ಪಕ್ಕ ಕೂರಿಸಿ, ಓಡಿಹೋಗಿ ಓಡಿಬಂದಳು. ನನ್ನ ಕಿವಿಯ ಹತ್ತಿಯನ್ನು ಅವಳೇ ತೆಗೆದಳು. ಕೂಗಲಿಲ್ಲ, ನಾಟಕ ಮಾಡಲಿಲ್ಲ.

"ಎರಿಗೆ ಆಯ್ತು ಕಣವ್ವ. ಗಂಡು ಮಗ. ತಾಯಿನೂವೆ ಮಗೂನೂವೆ ಸೊಗಸಾಗವ್ರೆ. ಗಂಡ ಬಂದು ಕರ್ಕಂಡೋದ."

ಅಷ್ಟೇ. ಇಷ್ಟು ವಾರ ಕಾದದ್ದಕ್ಕೆ ನಾಲ್ಕೇ ಮಾತೇ ಎಂದು ಆ ಜ್ವರದಲ್ಲೂ ನನಗೆ ಸಿಟ್ಟು ಬಂತು. ಮೂರನೆಯ ದಿನ ಬೆವರು ಬಿಟ್ಟು ಜ್ವರ ಇಳಿಯಿತು. ನಾನು ಗಂಜಿ ಕೇಳಿದೆನೆಂದು ಅವ್ವ ಬೀದಿಗೆಲ್ಲ ಸಾರಿ ಬಂದಳು.

ಬಾಣಂತನ ಮುಗಿಸಿ ಹೊಳಲಿಗೆ ಬಂದವಳು ಮಾಡಿದ ಮೊದಲ ಕೆಲಸ, ಶಾಲೆಯ ಬೀರುವಿನಿಂದ ಹಳೆಯ ಸಂಚಿಕೆ ತರಿಸಿದ್ದು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೊನೆಯ ಕಂತು ಓದಿದೆ. ವಾರಿಜ ಸತ್ತಿದ್ದಳು. ಹೆತ್ತ ಮೇಲೆ ಜ್ವರ ಬಂದು, ಮೂರನೆಯ ದಿನ.

ಮುಂದಿನ ತಿಂಗಳು ಅವ್ವ ಮೊಮ್ಮಗಳನ್ನು ನೋಡಲು ಬಂದಳು. ಬಸ್ಸಿಳಿದು ಬಂದವಳಿಗೆ ನೀರು ಕೊಟ್ಟು, ಆ ಸಂಚಿಕೆ ಮುಂದೆ ಹಿಡಿದೆ. "ಏನವ್ವಾ, ಓದೋಕೆ ಬುಡ್ನಿಲ್ಲ ಅಂದ್ರೆ ಸರಿ, ಸುಳ್ಳು ಕತೆ ಬ್ಯಾರೆ ಯೋಳೋದಾ? ಅವಳು ಸತ್ತೋದ್ಲಂತಲ್ಲ!"

ಸಿಕ್ಕಿಬಿದ್ದ ನಾಚಿಕೆ ಅವಳ ಮುಖದಲ್ಲಿ ಚೂರೂ ಇರಲಿಲ್ಲ. ನೀರು ಕುಡಿದು ಚೊಂಬು ಕೆಳಗಿಟ್ಟಳು.

"ಬರ್ದೋನು ಗಂಡಸಂತೆ, ಪಂಕಜಮ್ಮ ಯೋಳುದ್ರು. ಅವನಿಗೇನಮ್ಮಿ ಕಷ್ಟ, ಕೂತಲ್ಲೇ ಸಾಯಿಸ್ದ. ಅವತ್ತು ನಿನ್ ಮೈ ಅಂಚು ಕಾದಂಗೆ ಕಾದಿತ್ತು. ಆ ಕ್ವಾಣೇಲಿ ಕೂತು, ನಿನ್ ಕಿವೀಗೆ, ಬಾಣಂತಿ ಸತ್ಲು ಅಂತ ನನ್ ಬಾಯಿಂದ ಅನ್ಬೇಕಾಗಿತ್ತಾ? ಬದುಕವ್ಳೆ ಅಂದೆ. ನೀನೂ ಬದುಕ್ದೆ."

ನಾನು ಮಗುವನ್ನು ಅವಳ ಮಡಿಲಿಗೆ ಹಾಕಿ, ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ.