ಎರಡು ಸಲ ಮಿನುಗಿದ ಕೀ

ನಾನು ಜಪಾನಿಗೆ ಬಂದ ಮೂರನೆಯ ವರ್ಷದ ನವೆಂಬರ್ ತಿಂಗಳಲ್ಲಿ ನಡೆದದ್ದು ಇದು. ನಗೋಯಾ ಹತ್ತಿರ, ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಊರು ದಾವಣಗೆರೆ, ಹೆಸರು ಕೊಟ್ರೇಶ. ಆಫೀಸಿನವರ ಬಾಯಲ್ಲಿ ಅದು ‘ಕೊತೊರೇಶು-ಸಾನ್’ ಆಗಿದೆ, ಸಾನ್ ಅಂದರೆ ನಮ್ಮಲ್ಲಿ ಹೆಸರಿನ ಮುಂದೆ ‘ಅವರು’ ಸೇರಿಸಿದ ಹಾಗೆ. ತಿದ್ದಿ ತಿದ್ದಿ ಸಾಕಾಗಿ ಈಗ ಫೋನಿನಲ್ಲಿ ನಾನೂ ‘ಕೊತೊರೇಶು’ ಎಂದೇ ಹೇಳಿಕೊಳ್ಳುತ್ತೇನೆ.

ನಡೆದದ್ದು ಅರ್ಥವಾಗಬೇಕಾದರೆ ನನ್ನ ಕೆಲಸದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನಮ್ಮಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದೆ. ಅದರೊಳಗೆ ಕಂಟೇನರ್ ಎಂದು ಕರೆಯುವ ಬೇರೆ ಬೇರೆ ಭಾಗಗಳು. ವಠಾರದ ಮನೆಗಳ ಹಾಗೆ ಅಂದುಕೊಳ್ಳಿ, ಸೂರು ಒಂದೇ ಆದರೂ ಒಂದು ಮನೆಯಲ್ಲಿ ಏನು ಬೇಯುತ್ತಿದೆ ಎಂದು ಪಕ್ಕದ ಮನೆಗೆ ಕಾಣುವುದಿಲ್ಲ. ಅಲ್ಲಿ ತಯಾರಾದ ಸಾಫ್ಟ್‌ವೇರಿಗೆ ಡಿಜಿಟಲ್ ಸಹಿ ಬೀಳಬೇಕು. ಸಹಿ ಇಲ್ಲದ್ದನ್ನು ಕಾರು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆ ಸಹಿಗಾಗಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಸೆಕ್ಯುರಿಟಿ ಕೀ ಇದೆ. ಕಂಟೇನರ್ ಸಹಿ ಕೇಳಿದಾಗ ಕೀ ಹಸಿರು ಬಣ್ಣದಲ್ಲಿ ಮಿನುಗುತ್ತದೆ. ಮನುಷ್ಯನೊಬ್ಬ ಅದರ ಮೇಲಿನ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿದರೆ ಮಾತ್ರ ಸಹಿ ಬೀಳುತ್ತದೆ. ಯಂತ್ರ ತಾನೇ ಕೇಳಿ ತಾನೇ ಕೊಟ್ಟುಕೊಳ್ಳಬಾರದು ಎಂದು ಈ ಏರ್ಪಾಡು.

ಜಪಾನಿನ ಆಫೀಸಿನಲ್ಲಿ ಪ್ರತಿಯೊಂದಕ್ಕೂ ಸರದಿ ಇರುತ್ತದೆ. ಕಸ ವಿಂಗಡಿಸುವುದಕ್ಕೆ, ಮೈಕ್ರೋವೇವ್ ಒರೆಸುವುದಕ್ಕೆ, ಬೆಳಗಿನ ಸಭೆಯಲ್ಲಿ ಎರಡು ಮಾತಾಡುವುದಕ್ಕೆ ಕೂಡ. ಕೀ ಮುಟ್ಟುವ ಕೆಲಸ ಮಾತ್ರ ಕಾಯಂ ನನಗೇ ಅಂಟಿಕೊಂಡಿತು. ಕಾರಣ, ಕಂಟೇನರಿನ ಕೋರಿಕೆಯನ್ನು ಕೀಗೆ ತಲುಪಿಸುವ ಪ್ರೋಗ್ರಾಂ ಬರೆದವನು ನಾನೇ, ಕೀ ಇದ್ದದ್ದೂ ನನ್ನ ಮೇಜಿನ ಮೇಲೆ. ಅದನ್ನು ಬರೆಯುವಾಗ ನಮ್ಮ ಗುಂಪಿನ ಹಿರಿಯರಾದ ಮೊರಿತಾ-ಸಾನ್ ಒಮ್ಮೆ ಕೇಳಿದ್ದರು: “ಯಾವ ಕಂಟೇನರ್ ಸಹಿ ಕೇಳುತ್ತಿದೆ ಅಂತ ಪರದೆಯ ಮೇಲೆ ಬರುತ್ತದೆಯೇ?”

ಆಗ ಸಹಿ ಕೇಳುವ ಕಂಟೇನರ್ ಇದ್ದದ್ದೇ ಒಂದು. ಒಬ್ಬಳೇ ಮಗಳಿರುವ ಮನೆಯಲ್ಲಿ ಹಾಜರಿ ಯಾರಾದರೂ ಕರೆಯುತ್ತಾರೆಯೇ ಎಂದು ಮನಸ್ಸಿನಲ್ಲೇ ನಕ್ಕು, “ಮುಂದಿನ ಆವೃತ್ತಿಯಲ್ಲಿ ಸೇರಿಸುತ್ತೇನೆ” ಎಂದೆ. ಮೊದಲಿಂದಲೂ ನನ್ನದು ಅವಸರದ ಕೈ. ಆ ಮುಂದಿನ ಆವೃತ್ತಿ ಎರಡು ವರ್ಷವಾದರೂ ಬರಲಿಲ್ಲ.

ಆ ಮಂಗಳವಾರಕ್ಕೆ ಒಂದು ವಾರ ಮೊದಲು ನಾನು ಎರಡನೆಯ ಕಂಟೇನರ್ ಮಾಡಿದೆ. ಅದರಲ್ಲಿ ತಯಾರಾಗುತ್ತಿದ್ದದ್ದು ಬೇಕೆಂದೇ ಕೆಡಿಸಿದ ಸಾಫ್ಟ್‌ವೇರ್. ಬ್ರೇಕಿಗೆ ಹೋಗುವ ಆಜ್ಞೆ ಅರ್ಧ ಸೆಕೆಂಡ್ ತಡವಾಗುತ್ತದೆ. ತಡವಾದರೆ ಎಚ್ಚರಿಕೆ ದೀಪ ಹತ್ತುತ್ತದೋ ಇಲ್ಲವೋ ಎಂದು ಮೇಜಿನ ಮೇಲಿನ ಉಪಕರಣದಲ್ಲಿ ನೋಡುವುದಕ್ಕಷ್ಟೇ ಅದು. ಕಾರಿನ ಹತ್ತಿರಕ್ಕೂ ಹೋಗುವಂತಿಲ್ಲ. ಹೊಸದಾಗಿ ಯಾರು ಬರೆಯುತ್ತಾರೆ ಎಂದು ಹಳೆಯ ಕಂಟೇನರನ್ನೇ ಇಡಿಯಾಗಿ ನಕಲು ಮಾಡಿಕೊಂಡಿದ್ದೆ. ಅದರಲ್ಲಿದ್ದ ಸಹಿ ಕೇಳುವ ಭಾಗವನ್ನು ತೆಗೆಯುವುದು ಮರೆತೇಹೋಗಿತ್ತು. ಆ ಮಂಗಳವಾರ ಬೆಳಿಗ್ಗೆ ಬಂದವನೇ ಅದನ್ನು ಮೊದಲ ಸಲ ಪೂರ್ತಿ ಓಡಲು ಬಿಟ್ಟು ಬೇರೆ ಕೆಲಸಕ್ಕೆ ಕೂತಿದ್ದೆ.

ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮೊರಿತಾ-ಸಾನ್ ತಮ್ಮ ಜಾಗದಿಂದಲೇ, “ಕೊತೊರೇಶು-ಸಾನ್, ಮಧ್ಯಾಹ್ನದ ಟೆಸ್ಟಿನದು ಒಂದು ಕಳಿಸುತ್ತಿದ್ದೇನೆ, ಒನೆಗಾಯ್ ಶಿಮಾಸು” ಎಂದರು. ದಯವಿಟ್ಟು ನೋಡಿಕೊಳ್ಳಿ ಎಂದರ್ಥ. ನಾನು ಒಂದು ಮೇಲ್ ಬರೆಯುತ್ತಿದ್ದೆ. ಕೀ ಮಿನುಗಿತು, ಎಡಗೈ ಚಾಚಿ ಮುಟ್ಟಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಮಿನುಗಿತು. ಚಳಿಗಾಲದಲ್ಲಿ ಬೆರಳು ಒಣಗಿ ಕೆಲವೊಮ್ಮೆ ಸರಿಯಾಗಿ ತಾಗುವುದಿಲ್ಲ. ಮೊದಲನೆಯದು ತಾಗಿಲ್ಲ ಅಂದುಕೊಂಡು ಮತ್ತೊಮ್ಮೆ ಮುಟ್ಟಿದೆ. ಕತ್ತು ಕೂಡ ತಿರುಗಿಸಲಿಲ್ಲ.

ಹನ್ನೆರಡೂವರೆ ದಾಟಿದ ಮೇಲೆ ಕ್ಯಾಂಟೀನಿನಲ್ಲಿ ವಾದಿರಾಜ್ ಜೊತೆ ಊಟಕ್ಕೆ ಕೂತೆ. ವಾದಿರಾಜ್ ಬೆಂಗಳೂರಿನವರು, ಕಂಪನಿಯಲ್ಲಿ ನನಗಿಂತ ಎಂಟು ವರ್ಷ ಹಳಬರು. ಚಿತ್ರಾನ್ನದ ಡಬ್ಬಿ ತೆಗೆಯುತ್ತಾ ಕೇಳಿದರು: “ಏನಪ್ಪಾ, ನಿನ್ನ ಲೇಟ್ ಬ್ರೇಕ್ ಕಂಟೇನರ್ ಬೆಳಿಗ್ಗೆ ಫುಲ್ ರನ್ ಆಯ್ತಲ್ಲ? ನೋಡ್ದೆ, ಎಲ್ಲಾ ಗ್ರೀನ್. ಸೈನಿಂಗೂ ಪಾಸು.”

“ಸೈನಿಂಗಾ? ಅದರಾಗ ಸೈನಿಂಗ್ ಇಲ್ಲಲ್ರೀ ಸಾರ್.”

“ಇದೆಯಪ್ಪ. ನಾನೇ ಕಣ್ಣಾರೆ ನೋಡ್ದೆ.”

ಆಗ ಹೊಳೆಯಿತು. ಬೆಳಿಗ್ಗೆ ಕೀ ಎರಡು ಸಲ ಮಿನುಗಿತ್ತು. ನಕಲು ಮಾಡಿದ ಕಂಟೇನರ್ ಆದ್ದರಿಂದ ಎರಡು ಸಾಫ್ಟ್‌ವೇರಿನ ಫೈಲಿಗೂ ಒಂದೇ ಹೆಸರು, ಎರಡೂ ಹೋಗಿ ಬೀಳುವುದು ಒಂದೇ ಫೋಲ್ಡರಿಗೆ. ಆಮೇಲೆ ಬಂದದ್ದು ಮೊದಲಿನದನ್ನು ಅಳಿಸಿ ತಾನು ಕೂರುತ್ತದೆ. ಟೆಸ್ಟಿನವರು ಆ ಫೋಲ್ಡರಿನಿಂದಲೇ ಕಾರಿಗೆ ತುಂಬಿಕೊಳ್ಳುತ್ತಾರೆ. ಅವತ್ತಿನ ಟೆಸ್ಟ್ ಶುರುವಾಗುವುದು ಹನ್ನೆರಡೂವರೆಗೆ.

ಟೆಸ್ಟ್ ಏನೆಂದರೆ, ಒಂದರ ಹಿಂದೆ ಒಂದು ಎರಡು ಕಾರು ಓಡುತ್ತವೆ. ಮುಂದಿನದು ಗಕ್ಕನೆ ಬ್ರೇಕ್ ಹಾಕಿದಾಗ ಹಿಂದಿನದು ತಾನಾಗಿಯೇ ನಿಲ್ಲಬೇಕು. ಹಿಂದಿನ ಕಾರಿನಲ್ಲಿ ಕೂರುವವರು ಕೊನೆಯ ಗಳಿಗೆಯವರೆಗೂ ಪೆಡಲ್ ತುಳಿಯುವಂತಿಲ್ಲ. ಅಲ್ಲಿ ಕೂರುತ್ತಿದ್ದದ್ದು ಒಕುನೊ-ಸಾನ್, ಐವತ್ತು ದಾಟಿದ ಹೆಂಗಸು.

ವಾದಿರಾಜ್‌ಗೆ ಹೇಳಿದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಫಸ್ಟ್ ಫೋಲ್ಡರ್ ಚೆಕ್ ಮಾಡು. ಕನ್ಫರ್ಮ್ ಆದ್ಮೇಲೆ ಹೇಳು. ಸುಮ್ಸುಮ್ನೆ ಟೆಸ್ಟ್ ನಿಲ್ಲಿಸಿ ಏನೂ ಇಲ್ಲ ಅಂದ್ರೆ ಎಲ್ರೂ ನಿನ್ನನ್ನೇ ನೋಡ್ತಾರೆ. ಮಾರ್ಚಲ್ಲಿ ನಿನ್ನ ಕಾಂಟ್ರಾಕ್ಟ್ ಬೇರೆ ರಿನ್ಯೂ ಆಗ್ಬೇಕು.”

ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಊಟವನ್ನು ಅಲ್ಲೇ ಬಿಟ್ಟು ಓಡಿಹೋಗಿ ನನ್ನ ಪ್ರೋಗ್ರಾಂ ಬರೆದಿಟ್ಟ ದಾಖಲೆ ತೆರೆದೆ. ಎರಡೇ ಸಾಲು ಇದ್ದವು. ಸಹಿ ಕೊಡಲಾಗಿದೆ. ಸಹಿ ಕೊಡಲಾಗಿದೆ. ಕೇಳಿದವರು ಯಾರು ಎಂದು ಎಲ್ಲೂ ಇಲ್ಲ, ಏಕೆಂದರೆ ಅದನ್ನು ಬರೆಸುವುದೇ ಬೇಡ ಎಂದು ಬಿಟ್ಟವನು ನಾನು. ಫೈಲುಗಳನ್ನು ಬಿಚ್ಚಿ ಹೋಲಿಸಿ ನೋಡಲು ಕಾಲು ಗಂಟೆಯಾದರೂ ಬೇಕು. ಆ ಕಾಲು ಗಂಟೆ ತೆಗೆದುಕೊಳ್ಳುವ ಆಸೆ ನನಗೆ ಬಹಳ ಇತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಏನೂ ಆಗಲಿಕ್ಕಿಲ್ಲ, ನಾನೇ ಸದ್ದಿಲ್ಲದೆ ಸರಿಮಾಡಿಬಿಡಬಹುದು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಕಾರಿನಲ್ಲಿ ಕೂತಿದ್ದ ಹೆಂಗಸಿಗೆ ನನ್ನ ಕಾಲು ಗಂಟೆಯ ವಿಷಯ ಗೊತ್ತಿರಲಿಲ್ಲ.

ಮೊರಿತಾ-ಸಾನ್ ತಮ್ಮ ಮೇಜಿನಲ್ಲೇ ಊಟ ಮಾಡುತ್ತಿದ್ದರು. ಹೋಗಿ ನಿಂತು, “ಸುಮಿಮಾಸೆನ್, ಕ್ಷಮಿಸಿ, ಬೆಳಿಗ್ಗೆ ಸಹಿಗೆ ಎಷ್ಟು ಕಳಿಸಿದಿರಿ?” ಎಂದೆ.

“ಒಂದು.”

“ನಾನು ಎರಡು ಸಲ ಮುಟ್ಟಿದೆ. ಇನ್ನೊಂದು ತಡವಾದ ಬ್ರೇಕಿನದು.”

ಅವರು ಚಾಪ್‌ಸ್ಟಿಕ್ ಕೆಳಗಿಟ್ಟು ಫೋನ್ ಎತ್ತಿಕೊಂಡರು. ಟೆಸ್ಟ್ ಮೈದಾನದ ಕಂಟ್ರೋಲ್ ರೂಮಿಗೆ ಮೂರೇ ಮಾತು ಹೇಳಿದರು: “ನಿಲ್ಲಿಸಿ. ಎರಡೂ ಕಾರು. ಕಾರಣ ಆಮೇಲೆ ಹೇಳುತ್ತೇನೆ.” ಆ ಕಡೆಯಿಂದ ನಿಲ್ಲಿಸಿದೆವು ಎಂದು ಉತ್ತರ ಬರುವವರೆಗೂ ಫೋನ್ ಇಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಈಗ ಹೇಳಿ” ಎಂದರು. ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಜಪಾನಿ ಭಾಷೆಯೆಲ್ಲ ಕೈಕೊಟ್ಟಿತ್ತು.

ಕಾರಿಗೆ ತುಂಬಿದ್ದು ತಡವಾದ ಬ್ರೇಕಿನದೇ. ನಿಧಾನದ ವೇಗದಲ್ಲಿ ಎರಡು ಓಟ ಮುಗಿದಿದ್ದವು. ಒಕುನೊ-ಸಾನ್ ತಮ್ಮ ಹಾಳೆಯಲ್ಲಿ “ನಿಲ್ಲುವುದು ಸ್ವಲ್ಪ ಸೋಮಾರಿ” ಎಂದು ಬರೆದಿದ್ದರಂತೆ. ಮೂರನೆಯದು ಹೆದ್ದಾರಿಯ ವೇಗದ್ದು. ರೇಡಿಯೋದಲ್ಲಿ ನಿಲ್ಲಿಸಿ ಎಂಬ ಮಾತು ಬಂದಾಗ ಎರಡೂ ಕಾರು ಇಂಜಿನ್ ಚಾಲೂ ಮಾಡಿ ಹೊರಡುವ ಗೆರೆಯ ಮೇಲೆ ನಿಂತಿದ್ದವು. ಇದನ್ನು ಕೇಳಿದ ಮೇಲೆ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಕೂತಿದ್ದೆ.

ಮರುದಿನ ಸಭೆ. ಆಗಬಹುದಾಗಿದ್ದು ಆಗದೆ ತಪ್ಪಿದಾಗ ಇಲ್ಲಿ ಒಂದು ಹಾಳೆ ತುಂಬಬೇಕು, ‘ಹಿಯಾರಿ ಹಾತ್ತೊ’ ಎಂದು ಅದರ ಹೆಸರು. ಬೈಗುಳಕ್ಕೆ ಮೈಗಟ್ಟಿ ಮಾಡಿಕೊಂಡು ಹೋಗಿದ್ದೆ, ಒಬ್ಬರೂ ಬೈಯಲಿಲ್ಲ. ಕೋರಿಕೆಯ ಜೊತೆ ಹೆಸರು ಏಕೆ ಬರಲಿಲ್ಲ, ಎರಡು ಫೈಲಿಗೆ ಒಂದೇ ಹೆಸರು ಹೇಗೆ ಬಂತು ಎಂದು ಕೇಳಿ ಬಿಳಿ ಹಲಗೆಯ ಮೇಲೆ ಚಿತ್ರ ಬರೆದರು. ಯಾರು ಮಾಡಿದ್ದು ಎಂದು ಯಾರೂ ಕೇಳಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ಒಕುನೊ-ಸಾನ್ ಕೊನೆಯ ಕುರ್ಚಿಯಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಎಲ್ಲ ಮುಗಿದ ಮೇಲೆ ಕೈ ಎತ್ತಿ ಒಂದೇ ಪ್ರಶ್ನೆ ಕೇಳಿದರು.

“ಕೊತೊರೇಶು-ಸಾನ್, ಇದಕ್ಕೆ ಮುಂಚೆ ಎಷ್ಟು ಸಲ ನೋಡದೆ ಮುಟ್ಟಿದ್ದೀರಿ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ನಿಂತುಕೊಂಡು, “ಗೊತ್ತಿಲ್ಲ” ಎಂದೆ. ಎರಡು ವರ್ಷದಿಂದ ನಾನು ಮುಟ್ಟಿದ್ದನ್ನು ನಂಬಿ ಅವರು ಕಾರು ಓಡಿಸಿದ್ದರು. ಗೊತ್ತಿಲ್ಲ ಎಂಬುದೇ ನಿಜವಾದ ಉತ್ತರವಾಗಿತ್ತು, ಅದಕ್ಕಿಂತ ಅವಮಾನದ ಉತ್ತರವನ್ನು ನಾನು ಯಾವತ್ತೂ ಕೊಟ್ಟಿಲ್ಲ. ಅವರು ತಲೆಯಾಡಿಸಿ, “ಹಾಗಾದರೆ ಮುಂದಿನ ಟೆಸ್ಟಿಗೆ ನನ್ನ ಪಕ್ಕದ ಸೀಟಿನಲ್ಲಿ ನೀವು ಕೂತುಕೊಳ್ಳಿ” ಎಂದರು. ಮೊರಿತಾ-ಸಾನ್ ಅದಕ್ಕೆ ಬೇಕಾದ ಅನುಮತಿ ಕಾಗದಗಳನ್ನು ತಾವೇ ಓಡಾಡಿ ತಂದರು.

ಎರಡು ವರ್ಷ ಮಾಡದೆ ಬಿಟ್ಟ ಕೆಲಸ ಮೂರು ದಿನದಲ್ಲಿ ಮುಗಿಯಿತು. ಈಗ ಯಾವ ಕಂಟೇನರ್, ಯಾವ ಸಾಫ್ಟ್‌ವೇರ್, ಕಳಿಸಿದವರು ಯಾರು ಎಂದು ಒಂದು ಸಾಲು ಪರದೆಯ ಮೇಲೆ ಬಂದ ಮೇಲೇ ಕೀ ಮಿನುಗುತ್ತದೆ. ಹೆಸರಿಲ್ಲದ ಕೋರಿಕೆ ಬಂದರೆ ಮಿನುಗುವುದೇ ಇಲ್ಲ. ಎರಡನೆಯ ಕಂಟೇನರಿನಿಂದ ಸಹಿಯ ಭಾಗವನ್ನೂ ಕಿತ್ತುಹಾಕಿದೆ.

ಮುಂದಿನ ವಾರದ ಟೆಸ್ಟಿನ ದಿನ ಬೆಳಿಗ್ಗೆ ಕೀ ಮಿನುಗಿದಾಗ ಆ ಸಾಲನ್ನು ಓದಿದೆ. ಬೆರಳು ಚಾಚಿ, ಹಿಂದಕ್ಕೆಳೆದುಕೊಂಡು ಮತ್ತೆ ಓದಿದೆ. ಮೊರಿತಾ-ಸಾನ್ ಹತ್ತಿರ ಹೋಗಿ ಕಳಿಸಿದ್ದು ಇದೇ ತಾನೇ ಎಂದು ಕೇಳಿ ಬಂದು ಮೂರನೆಯ ಸಲ ಓದಿ ಮುಟ್ಟಿದೆ. ಮಧ್ಯಾಹ್ನ ಹೆಲ್ಮೆಟ್ ಹಾಕಿಕೊಂಡು ಒಕುನೊ-ಸಾನ್ ಪಕ್ಕ ಕೂತೆ. ಹೆದ್ದಾರಿಯ ವೇಗದಲ್ಲಿ ಹೋಗುವಾಗ ಮುಂದಿನ ಕಾರಿನ ಕೆಂಪು ದೀಪ ಹತ್ತಿತು. ಒಕುನೊ-ಸಾನ್ ಅವರ ಕಾಲು ಪೆಡಲಿನ ಮೇಲೆ ಇರಲಿಲ್ಲ. ನನ್ನ ಕಾಲು ಮಾತ್ರ ಇಲ್ಲದ ಬ್ರೇಕನ್ನು ಹುಡುಕಿ ನೆಲವನ್ನು ಒತ್ತುತ್ತಿತ್ತು. ಕಾರು ತಾನಾಗಿ ನಿಂತಿತು. ಮುಂದಿನ ಕಾರಿಗೂ ನಮಗೂ ನಡುವೆ ಇನ್ನೊಂದು ಕಾರು ಹಿಡಿಯುವಷ್ಟು ಜಾಗ ಇತ್ತು.

ಅವರು ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡು, ತಲೆ ಎತ್ತದೆಯೇ ಕೇಳಿದರು.

“ಬೆಳಿಗ್ಗೆ ಎಷ್ಟು ಸಲ ಓದಿದಿರಿ?”

“ಮೂರು ಸಲ.”

“ಇನ್ನು ಮುಂದೆ ನೀವು ಕಾರಿಗೆ ಬರಬೇಕಾಗಿಲ್ಲ. ಓದುವುದು ಮಾತ್ರ ಅಷ್ಟೇ ಸಲ ಓದಿ.”

ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡೆ. ಅವರೊಬ್ಬರೇ ಕೂರುತ್ತಿದ್ದ ಎರಡು ವರ್ಷದಲ್ಲಿ ನಾನು ಒಂದು ಸಲವೂ ಕತ್ತು ತಿರುಗಿಸಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.